ಜರ್ಮನಿಗೆ ಹೊರಟವರು, ಜರ್ಮನ್ ತಂಡದ ಜೊತೆ ದುಡಿಯುವವರು: ಮಾತುಕತೆ ಎಲ್ಲಿ ಎಡವುತ್ತೆ?

ಹುಬ್ಬಳ್ಳಿ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಚಳಿಗಾಲದ ಸೆಮಿಸ್ಟರಿಗೆ ಜರ್ಮನಿಗೆ ಹೊರಟಿರುವ ಎಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ಎರಡು ಗಂಟೆಯ ಒಂದು ತರಗತಿ ಸಿದ್ಧ ಮಾಡ್ತಿದ್ದೀನಿ. ವೀಸಾ, ಬ್ಲಾಕ್ಡ್ ಅಕೌಂಟ್ (ಅಲ್ಲಿಯ ಖರ್ಚಿಗೆ ಮುಂಚೆಯೇ ಹಣ ಇಡೋ ಖಾತೆ), ವಿಮೆ ಇವನ್ನೆಲ್ಲ ಏಜೆಂಟರೂ ಹೇಳ್ತಾರೆ, ಯೂಟ್ಯೂಬಲ್ಲೂ ಸಿಗುತ್ತೆ. ನನಗೆ ಬೇಕಿರೋದು ಬೇರೆ. ಪ್ರೊಫೆಸರಿಗೆ ಮೇಲ್ ಬರೆಯೋದು ಹೇಗೆ, ಮೀಟಿಂಗಲ್ಲಿ ಬಾಯಿ ಬಿಡೋದು ಹೇಗೆ, ಆಗದ ಕೆಲಸವನ್ನ ಆಗಲ್ಲ ಅನ್ನೋದು ಹೇಗೆ. ಇಂಗ್ಲಿಷ್ ಚೆನ್ನಾಗೇ ಬರುವ ಮಕ್ಕಳೂ ಮೊದಲ ಸೆಮಿಸ್ಟರಲ್ಲಿ ಒದ್ದಾಡೋದು ಇಲ್ಲೇ. ಬೆಂಗಳೂರಲ್ಲೇ ಕೂತು ಜರ್ಮನ್ ತಂಡದ ಜೊತೆ ಕೆಲಸ ಮಾಡೋರೂ ಬರೀರಿ. "ಸಂಸ್ಕೃತಿ ಬೇರೆ, ಹೊಂದಿಕೊಳ್ಳಿ" ಅನ್ನೋ ಉಪದೇಶ ಬೇಡ. ಏನು ಬರೀಬೇಕು, ಯಾವಾಗ ಹೇಳಬೇಕು, ಎಲ್ಲಿ ತಪ್ಪುತ್ತೆ, ಅಷ್ಟು ಬೇಕು.

ನೇತ್ರಾವತಿ:
ಮೊದಲು ಮೇಲ್ ವಿಷಯ ಮುಗಿಸುವ. ನಮ್ಮ ಮಕ್ಕಳು ಬರೆಯುವುದು "ರೆಸ್ಪೆಕ್ಟೆಡ್ ಸರ್" ಅಂತ. ಆಚೆ ಕಡೆ ಇರುವುದು ಮಹಿಳೆ. ಅಲ್ಲಿಗೇ ಆಯಿತು, ಈತ ಹೆಸರು ಕೂಡ ನೋಡಲಿಲ್ಲ ಅಂತ ಅವರಿಗೆ ಗೊತ್ತಾಗ್ತದೆ. ಹೆಸರಿಲ್ಲದ ಗೌರವಕ್ಕೆ ಅಲ್ಲಿ ಬೆಲೆ ಇಲ್ಲ.

ಇಂಗ್ಲಿಷಿನಲ್ಲಿ ಬರೆಯುವುದಾದರೆ "ಡಿಯರ್ ಪ್ರೊಫೆಸರ್" ಮತ್ತು ಮನೆಹೆಸರು. ಜರ್ಮನಿನಲ್ಲಿ ಆದರೆ ಹೆಂಗಸರಿಗೆ "ಜೇರ್ ಗೆಏರ್ಟೆ ಫ್ರಾವ್ ಪ್ರೊಫೆಸರ್", ಗಂಡಸರಿಗೆ "ಜೇರ್ ಗೆಏರ್ಟರ್ ಹೆರ್ ಪ್ರೊಫೆಸರ್", ಮುಂದೆ ಮನೆಹೆಸರು, ಆಮೇಲೆ ಅಲ್ಪವಿರಾಮ. ವಿಷಯದ ಸಾಲಿನಲ್ಲಿ ಕೋರ್ಸಿನ ಹೆಸರು, ಸೆಮಿಸ್ಟರ್, ಏನು ಬೇಕು ಎಂಬುದು ಇರಲಿ. "ಒಂದು ವಿನಂತಿ" ಅಂತ ಬರೆದರೆ ಯಾರೂ ತೆರೆಯುವುದಿಲ್ಲ. ಮೊದಲ ವಾಕ್ಯದಲ್ಲೇ ಪ್ರಶ್ನೆ ಬರಬೇಕು. ಕ್ಷೇಮಸಮಾಚಾರ, "ನಿಮ್ಮಂಥ ವಿದ್ವಾಂಸರ ಕೈಕೆಳಗೆ ಕಲಿಯುವ ಭಾಗ್ಯ" ಇದೆಲ್ಲ ತೆಗೆಯಿರಿ. ಕೊನೆಯಲ್ಲಿ ಪೂರ್ತಿ ಹೆಸರು, ಓದುವ ಕೋರ್ಸು, ಮ್ಯಾಟ್ರಿಕಲ್ ನಂಬರ್, ಅಂದರೆ ವಿಶ್ವವಿದ್ಯಾಲಯ ಕೊಟ್ಟ ವಿದ್ಯಾರ್ಥಿ ಸಂಖ್ಯೆ. ಕಳಿಸುವುದು ವಿಶ್ವವಿದ್ಯಾಲಯ ಕೊಟ್ಟ ವಿಳಾಸದಿಂದ ಮಾತ್ರ.

ಇನ್ನೊಂದು. ಎರಡು ದಿನಕ್ಕೆ ಮೂರು ಸಲ ನೆನಪಿಸುವ ಅಭ್ಯಾಸ ಬೇಡ. ಒಂದು ವಾರ ಕಾಯಿರಿ, ಆಮೇಲೆ ಅದೇ ಮೇಲಿಗೆ ಎರಡು ಸಾಲಿನ ಉತ್ತರ ಹಾಕಿ. ಅಷ್ಟಕ್ಕೂ ಆಗದಿದ್ದರೆ ಅವರ ಶ್ಪ್ರೆಖ್‌ಶ್ಟುಂಡೆ, ಅಂದರೆ ವಿದ್ಯಾರ್ಥಿಗಳನ್ನು ಭೇಟಿಯಾಗುವ ಹೊತ್ತು, ಜಾಲತಾಣದಲ್ಲಿ ಇರ್ತದೆ. ಅದಕ್ಕೆ ಹೋಗಿ.

ಗೋಳಗುಮ್ಮಟ:
ಮೇಷ್ಟ್ರ, ನಮ್ಮ ಕಡಿ ಹುಡುಗ್ರು ದೊಡ್ಡಾವ್ರ ಎದುರು ಬಾಯಿ ಬಿಡಂಗಿಲ್ರಿ. ಅದು ಅಂಜಿಕಿ ಅಲ್ಲ, ಮರ್ಯಾದಿ. ಅದನ್ನ "ನಿನಗ ಆತ್ಮವಿಶ್ವಾಸ ಇಲ್ಲ" ಅಂತ ಹೇಳಿ ಕೆಡಸಬ್ಯಾಡ್ರಿ. ಮರ್ಯಾದಿ ಇಟ್ಕೊಂಡ ಪ್ರಶ್ನಿ ಕೇಳೂದು ಹ್ಯಾಂಗ ಅಂತ ಕಲಸ್ರಿ.

ಹುಬ್ಬಳ್ಳಿ ಮೇಷ್ಟ್ರು:
ಖರೇ ಐತ್ರಿ. ಅದಕ್ಕೇ ಈ ತರಗತಿ.

ತುಂಗಾತೀರ:
ಗೋಳಗುಮ್ಮಟ ಅವರು ಹೇಳಿದ್ದೇ ನಿಜವಾದ ಬೇರು. ಅದನ್ನ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕು. ನಮ್ಮಲ್ಲಿ ಗೌರವ ಇರೋದು ಮಾತಿನ ರೂಪದಲ್ಲಿ: ಸರ್ ಅನ್ನೋದು, ಎದ್ದು ನಿಲ್ಲೋದು, ಎದುರಾಡದೆ ಇರೋದು. ಅಲ್ಲಿ ಗೌರವ ಅಂದ್ರೆ ಎದುರಿನವರ ಸಮಯ ಉಳಿಸೋದು. ಹೊತ್ತಿಗೆ ಸರಿಯಾಗಿ ಬರೋದು, ಓದಿಕೊಂಡು ಬರೋದು, ಆಗಲ್ಲ ಅನ್ನೋದನ್ನ ಬೇಗ ಹೇಳೋದು. ನಮ್ಮ ಹುಡುಗ ಹತ್ತು ಸಲ ಸರ್ ಅಂದು ಕೊನೇ ದಿನ "ಆಗಿಲ್ಲ ಸರ್" ಅಂದ್ರೆ, ಅವನ ಲೆಕ್ಕದಲ್ಲಿ ಗೌರವ ಕೊಟ್ಟಿದ್ದಾನೆ, ಅವರ ಲೆಕ್ಕದಲ್ಲಿ ಅವಮಾನ ಮಾಡಿದ್ದಾನೆ. ಇಬ್ಬರೂ ಒಳ್ಳೆಯವರೇ.

ಸೆಮಿನಾರಿಗೆ ಒಂದು ಕ್ರಮ ಹೇಳಿಕೊಡಿ. ಹಿಂದಿನ ದಿನವೇ ಪಠ್ಯ ಓದಿ ಎರಡು ಪ್ರಶ್ನೆ ಬರೆದುಕೊಂಡು ಹೋಗೋದು. ಅದರಲ್ಲಿ ಒಂದು ಪುಟದ ನಂಬರ್ ಸಮೇತ ಇರಲಿ: "14ನೇ ಪುಟದ ಎರಡನೇ ಸಮೀಕರಣದಲ್ಲಿ ಘರ್ಷಣೆಯನ್ನ ಯಾಕೆ ಬಿಟ್ಟಿದ್ದಾರೆ?" ಹೀಗೆ ಕೇಳಿದ್ರೆ ಅದು ಮೇಷ್ಟ್ರನ್ನ ಪರೀಕ್ಷೆ ಮಾಡಿದ ಹಾಗಲ್ಲ, ಓದಿದ್ದಕ್ಕೆ ಸಾಕ್ಷಿ. ಮೊದಲ ಹತ್ತು ನಿಮಿಷದಲ್ಲೇ ಒಂದು ಕೇಳಿಬಿಡಬೇಕು. ತಡ ಮಾಡಿದಷ್ಟೂ ಬಾಯಿ ಕಟ್ಟುತ್ತೆ.

ಕೋಲಾರ ಚಿನ್ನ:
ಪಾಠ ಮುಗಿದಾಗ ಎಲ್ರೂ ಬೆರಳಿನ ಗೆಣ್ಣಿಂದ ಮೇಜು ಕುಟ್ತಾರೆ. ಜಗಳ ಅಲ್ಲ, ಅದೇ ಅವರ ಚಪ್ಪಾಳೆ. ಇದನ್ನೂ ಹೇಳಿಬಿಡಿ, ಮೊದಲ ದಿನ ಗಾಬರಿಯಾಗ್ತಾರೆ.

ಸಹ್ಯಾದ್ರಿ:
ಸಮಯದ ಬಗ್ಗೆ ಯಾರೂ ಬರೆದಿಲ್ಲ. "ಜರ್ಮನ್ನರು ಸಮಯಪಾಲಕರು" ಅಂತ ಹೇಳಿ ಬಿಟ್ಟರೆ ಪ್ರಯೋಜನವಿಲ್ಲ. ಎಡವುವ ಜಾಗಗಳು ಇವು.

ವೇಳಾಪಟ್ಟಿಯಲ್ಲಿ "10 ಸಿ.ಟಿ." ಅಂತಿದ್ದರೆ ಪಾಠ ಶುರುವಾಗುವುದು 10:15ಕ್ಕೆ. "10 ಎಸ್.ಟಿ." ಅಂತಿದ್ದರೆ ಸರಿಯಾಗಿ 10:00ಕ್ಕೆ. ಈ ಕಾಲು ಗಂಟೆಯ ರಿಯಾಯಿತಿ ವಿಶ್ವವಿದ್ಯಾಲಯದ ಹಳೇ ಪದ್ಧತಿ. ಪರೀಕ್ಷೆಗೂ ಇಲ್ಲ, ಕೆಲಸದ ಮೀಟಿಂಗಿಗೂ ಇಲ್ಲ.

ಬಾಯಲ್ಲಿ ಹೇಳುವಾಗ "ಹಾಲ್ಬ್ ದ್ರಾಯ್" ಅಂದರೆ ಎರಡೂವರೆ. ಮೂರೂವರೆ ಅಲ್ಲ. ಮೂರರ ಕಡೆಗೆ ಅರ್ಧ ದಾರಿ ಬಂದಿದೆ ಅಂತ ಅವರ ಲೆಕ್ಕ. ಅನುಮಾನ ಬಂದರೆ ಅಂಕಿಯಲ್ಲೇ ತಿರುಗಿ ಕೇಳಿ: "14:30 ಅಲ್ಲವೇ?"

ಕೆಲಸದ ಗಡುವನ್ನು ಅವರು ಬಹಳ ಸಲ ವಾರದ ಸಂಖ್ಯೆಯಲ್ಲಿ ಹೇಳುತ್ತಾರೆ. "ಕಾ-ವೇ 23" ಅಂದರೆ ವರ್ಷದ 23ನೇ ವಾರ. ವಾರ ಶುರುವಾಗುವುದು ಸೋಮವಾರ; ಜನವರಿ 4 ಯಾವ ವಾರದಲ್ಲಿ ಬರುತ್ತದೋ ಅದು ಒಂದನೇ ವಾರ. ಔಟ್‌ಲುಕ್ ಕ್ಯಾಲೆಂಡರಿನಲ್ಲಿ ವಾರದ ಸಂಖ್ಯೆ ತೋರಿಸುವ ಆಯ್ಕೆ ಇದೆ, ಹಾಕಿಕೊಳ್ಳಿ. "23ನೇ ವಾರದಲ್ಲಿ ಕೊಡುತ್ತೇವೆ" ಅಂದಾಗ ನಾವು ಶುಕ್ರವಾರ ರಾತ್ರಿ ಅಂದುಕೊಳ್ಳುತ್ತೇವೆ, ಅವರು ಸೋಮವಾರದಿಂದಲೇ ಕಾಯುತ್ತಿರುತ್ತಾರೆ. ಯಾವ ದಿನ, ಎಷ್ಟು ಗಂಟೆಗೆ ಅಂತ ಬರೆದು ಮುಗಿಸಿ.

ಶ್ರೀಗಂಧ:
ಇದಕ್ಕೆ ಸೇರಿಸ್ತೀನಿ. ಬೆಂಗಳೂರಿಗೂ ಜರ್ಮನಿಗೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ಮೂರೂವರೆ. ಅಲ್ಲಿ ಗಡಿಯಾರ ತಿರುಗಿಸೋದು ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೇ ಭಾನುವಾರ. ಅವರ ಬೆಳಿಗ್ಗೆ 9ರ ಮೀಟಿಂಗ್ ನಮಗೆ ಚಳಿಗಾಲದಲ್ಲಿ 1:30, ಬೇಸಿಗೆಯಲ್ಲಿ 12:30. ಆಮಂತ್ರಣ ಕಳಿಸುವವರು ಯಾರ ಸಮಯವಲಯದಲ್ಲಿ ಕಳಿಸಿದ್ದಾರೆ ಅನ್ನೋದರ ಮೇಲೆ ಮರುದಿನ ಸೋಮವಾರ ಯಾರು ಗೈರು ಅನ್ನೋದು ನಿರ್ಧಾರ ಆಗುತ್ತೆ.

ಅಂಕಿಗಳೂ ಅಷ್ಟೇ. ಅವರ 1.250,00 ಅಂದ್ರೆ ನಮ್ಮ 1,250.00. ಬಿಂದು, ಅಲ್ಪವಿರಾಮ ಅದಲು ಬದಲು. ಎಕ್ಸೆಲ್ ಕಡತದಲ್ಲಿ ಇದರಿಂದ ಇಡೀ ಕಾಲಂ ಹಾಳಾಗುತ್ತೆ. ಅವರ "ಬಿಲಿಯೋನ್" ನಮ್ಮ ಇಂಗ್ಲಿಷಿನ ಬಿಲಿಯನ್ ಅಲ್ಲ, ಅದರ ಸಾವಿರ ಪಟ್ಟು. ನೂರು ಕೋಟಿಗೆ ಅವರು "ಮಿಲಿಯಾರ್ಡೆ" ಅಂತಾರೆ. ಕೈಬರಹದಲ್ಲಿ ಅವರ 1ಕ್ಕೆ ಉದ್ದದ ಕೊಕ್ಕೆ ಇರುತ್ತೆ, ನಮಗೆ 7ರ ಹಾಗೆ ಕಾಣುತ್ತೆ. 7ಕ್ಕೆ ನಡುವೆ ಅಡ್ಡಗೆರೆ ಹಾಕ್ತಾರೆ. ಪರೀಕ್ಷೆಯಲ್ಲಿ ನಮ್ಮ ಮಕ್ಕಳೂ 7ಕ್ಕೆ ಅಡ್ಡಗೆರೆ ಹಾಕೋದು ಒಳ್ಳೇದು.

ಚಾಮುಂಡಿ ಬೆಟ್ಟ:
ಇದೆಲ್ಲ ಸರಿ, ಆದ್ರೆ ಎಲ್ಲದಕ್ಕೂ ಸಂಸ್ಕೃತಿ ಅಂತ ಹೆಸರಿಡೋದನ್ನ ನಾನು ಒಪ್ಪಲ್ಲ. ಬೆಂಗಳೂರಿನ ತಂಡ "ಆಗುತ್ತೆ" ಅನ್ನೋದು ವಿನಯಕ್ಕಲ್ಲ. ಗುತ್ತಿಗೆ ತಪ್ಪುತ್ತೆ ಅನ್ನೋ ಭಯಕ್ಕೆ. ಆಗಲ್ಲ ಅಂದವನ ಹೆಸರು ಬಿಲ್ಲಿಂಗಿನಿಂದ, ಅಂದ್ರೆ ಗ್ರಾಹಕ ದುಡ್ಡು ಕೊಡೋ ಪಟ್ಟಿಯಿಂದ, ಹೋಗುತ್ತೆ. ದುಡ್ಡು ಕೊಡೋ ಕಡೆ ಇರೋರು ನೇರವಾಗಿ ಮಾತಾಡೋದು ಸುಲಭ. ಅದೇ ಜರ್ಮನ್ನರನ್ನ ಅವರ ದೊಡ್ಡ ಗ್ರಾಹಕನ ಎದುರು ಕೂರಿಸಿ ನೋಡಿ, ಅವರೂ ಮಾತು ಸುತ್ತಿ ಬಳಸಿ ಆಡ್ತಾರೆ.

ಜನ ಮಾತೆತ್ತಿದ್ರೆ ಹಾಫ್‌ಸ್ಟೆಡ್ ಅಂತಾರೆ, ದೇಶ ದೇಶದ ಸಂಸ್ಕೃತಿಗೆ ಅಂಕ ಹಾಕಿದ ಡಚ್ ವಿದ್ವಾಂಸ. ಆ ಮಾಹಿತಿಯ ಮೂಲ 1967ರಿಂದ 1973ರ ಹೊತ್ತಿಗೆ ಐಬಿಎಂ ಒಂದೇ ಸಂಸ್ಥೆಯ ನೌಕರರಲ್ಲಿ ಮಾಡಿದ ಸಮೀಕ್ಷೆ. ಅದನ್ನ ಹಿಡಿದುಕೊಂಡು ಇವತ್ತು ಕಲಬುರಗಿಯ ಹುಡುಗಿ ಹೀಗೇ, ಬರ್ಲಿನ್ನಿನ ಹುಡುಗ ಹಾಗೇ ಅಂತ ಹೇಳೋದು ತಪ್ಪು.

ತುಂಗಾತೀರ:
ಗುತ್ತಿಗೆಯ ಮಾತು ಒಪ್ಪಿದೆ. ದೇಶದ ಅಂಕದ ಮಾತೂ ಒಪ್ಪಿದೆ. ಆದ್ರೆ ಗುತ್ತಿಗೆಯೇ ಇಲ್ಲದ ಕಡೆ, ಒಂದೇ ಸಂಸ್ಥೆಯ ಎರಡು ಊರಿನ ಕಚೇರಿಗಳ ನಡುವೆ ಕೂಡ ಇದೇ ಆಗುತ್ತಲ್ಲ? ವಿಶ್ವವಿದ್ಯಾಲಯದಲ್ಲಿ ಬಿಲ್ಲಿಂಗ್ ಎಲ್ಲಿದೆ? ಥೀಸಿಸ್ ಮಾಡೋ ವಿದ್ಯಾರ್ಥಿ ಸಿಕ್ಕಿಹಾಕಿಕೊಂಡಾಗ ಗೈಡಿಗೆ ಹೇಳದೆ ಮೂರು ವಾರ ಒಬ್ಬನೇ ಒದ್ದಾಡೋದು ಯಾಕೆ?

ಚಾಮುಂಡಿ ಬೆಟ್ಟ:
ಅಲ್ಲೂ ಅಂಕ ಕೊಡೋರು ಅವರೇ ತಾನೇ. ಆದ್ರೂ ಥೀಸಿಸ್ ಉದಾಹರಣೆ ಸರಿ, ಅದನ್ನ ತಳ್ಳಿಹಾಕಲ್ಲ.

ಶ್ರೀಗಂಧ:
ಕಾರಣ ಭಯವೋ ಸಂಸ್ಕೃತಿಯೋ, ಮದ್ದು ಮಾತ್ರ ಒಂದೇ. ಬಾಯಿಮಾತಿನ ಹೂಂ ಒಂದನ್ನೇ ನಂಬಿ ಕೆಲಸ ನಡೆಸಬಾರದು. ನಮ್ಮ "ಆಯ್ತು" ಅಂದ್ರೆ ಕೇಳಿಸಿಕೊಂಡೆ ಅಂತಲೂ ಇರಬಹುದು, ಅವರ ಕಿವಿಗೆ ಅದು ಭರವಸೆ. ವಿಡಿಯೋ ಕಾಲಿನಲ್ಲಿ ನಾವು ತಲೆ ಆಡಿಸೋದಂತೂ ಅವರಿಗೆ ಹೌದೋ ಅಲ್ಲವೋ ತಿಳಿಯೋದೇ ಇಲ್ಲ. ಆದ್ದರಿಂದ ಪ್ರತಿ ಕಾಲ್ ಆದ ಮೇಲೆ ಅರ್ಧ ಗಂಟೆಯೊಳಗೆ ನಾಲ್ಕು ಸಾಲಿನ ಮೇಲ್:

ಒಂದು, ನನಗೆ ಅರ್ಥವಾದ ಕೆಲಸ ಇದು.
ಎರಡು, ಇಂಥ ದಿನ ಇಷ್ಟು ಗಂಟೆಗೆ ಕೊಡ್ತೀನಿ.
ಮೂರು, ಇದು ತಪ್ಪೋದಾದ್ರೆ ಈ ಕಾರಣಕ್ಕೆ ತಪ್ಪಬಹುದು.
ನಾಲ್ಕು, ನಿಮ್ಮಿಂದ ಇದು ಬೇಕು, ಇಷ್ಟರೊಳಗೆ ಬೇಕು.

ಮೂರನೇ ಸಾಲೇ ಜೀವಾಳ. ನಮ್ಮವರು ಅದನ್ನೇ ಬಿಡ್ತಾರೆ, ಅಪಶಕುನ ಅನ್ನೋ ಹಾಗೆ. ಸ್ಟೇಟಸ್ ಹಾಳೆಯಲ್ಲಿ ಹಸಿರು, ಹಳದಿ, ಕೆಂಪು ಇರುತ್ತಲ್ಲ, ಹಳದಿ ಹಾಕೋದು ಅವಮಾನ ಅಂದುಕೊಂಡು ಕೊನೇ ವಾರದವರೆಗೂ ಹಸಿರು ಹಾಕ್ತಾರೆ, ಆಮೇಲೆ ಏಕಾಏಕಿ ಕೆಂಪು. ಹಳದಿ ಇರೋದೇ ಸಹಾಯ ಕೇಳೋಕೆ. ಗಡುವಿಗೆ ಹತ್ತು ದಿನ ಮೊದಲು ಹಳದಿ ಬಂದ್ರೆ ಅವರು ಇನ್ನೊಬ್ಬರನ್ನ ಕೊಡ್ತಾರೆ ಇಲ್ಲಾ ಕೆಲಸ ಕಡಿಮೆ ಮಾಡ್ತಾರೆ. ಹಿಂದಿನ ದಿನ ಬಂದ್ರೆ ಏನೂ ಮಾಡೋಕಾಗಲ್ಲ.

ತಂಡದ ಹಿರಿಯರಿಗೂ ಒಂದು ಮಾತು. ಕಾಲಿನಲ್ಲಿ ನೀವೊಬ್ಬರೇ ಮಾತಾಡಬೇಡಿ. ಕಾಲಿಗೆ ಮೊದಲೇ ಕಿರಿಯರಿಗೆ "ಈ ಎರಡು ವಿಷಯ ನೀನೇ ಹೇಳು" ಅಂತ ಹಂಚಿ. ಕೋಡ್ ಬರೆದವಳು ಸುಮ್ಮನೆ ಕೂತು ಮ್ಯಾನೇಜರ್ ಉತ್ತರ ಕೊಟ್ರೆ, ಆಕೆಗೆ ವಿಷಯ ಗೊತ್ತಿಲ್ಲ ಅಂತ ಆಚೆಯವರು ತೀರ್ಮಾನ ಮಾಡಿಬಿಡ್ತಾರೆ.

ಮಲ್ನಾಡ್ ಮಳೆ:
ಎದುರಿಂದ ಬರುವ ಮಾತಿನ ಬಗ್ಗೆಯೂ ಮಕ್ಕಳನ್ನ ತಯಾರು ಮಾಡಿ. "ಇದು ತಪ್ಪು", "ಈ ಅಧ್ಯಾಯ ಬೇಡ, ತೆಗೆಯಿರಿ" ಅಂತ ಬರೀ ಅಷ್ಟೇ ಬರುತ್ತೆ. ಮುಂಚೆ ಹೊಗಳಿಕೆ ಇಲ್ಲ, ಆಮೇಲೆ ಸಮಾಧಾನ ಇಲ್ಲ. ಹುಡುಗಿ ಕೋಣೆಗೆ ಹೋಗಿ ಅಳ್ತಾಳೆ. ಆದರೆ ಆ ಮಾತು ಆ ಅಧ್ಯಾಯದ ಮೇಲಷ್ಟೇ. ಅರ್ಧ ಗಂಟೆ ಬಿಟ್ಟು ಅದೇ ಪ್ರೊಫೆಸರ್ ಕ್ಯಾಂಟೀನಲ್ಲಿ ಪಕ್ಕದಲ್ಲಿ ಕೂತು ಊಟ ಮಾಡ್ತಾರೆ. ಸ್ಟುಟ್‌ಗಾರ್ಟ್ ಕಡೆಯ ಶ್ವಾಬಿಯನ್ ಗಾದೆಯೇ ಇದೆ: ಬೈಯದಿದ್ದರೆ ಅದೇ ಸಾಕಷ್ಟು ಹೊಗಳಿಕೆ.

ಟಿಪ್ಪಣಿ ಬಂದಾಗ ಕ್ಷಮೆ ಕೇಳುತ್ತ ಕೂರುವುದು ಬೇಡ. ಒಂದು ಕೋಷ್ಟಕ ಮಾಡಿ: ಅವರ ಟಿಪ್ಪಣಿ, ನಾನು ಮಾಡಿದ ಬದಲಾವಣೆ, ಬದಲಿಸದಿದ್ದರೆ ಕಾರಣ. ಕಾರಣ ಗಟ್ಟಿಯಿದ್ದರೆ ಅವರು ಒಪ್ಪುತ್ತಾರೆ. ಒಪ್ಪದೆ ವಾದಿಸಿದ್ದಕ್ಕೆ ಅಂಕ ಕಡಿಯುವ ಭಯ ನಮ್ಮ ಕಡೆಯದು, ಅಲ್ಲಿಗೆ ಹೊತ್ತುಕೊಂಡು ಹೋಗಬೇಡಿ.

ಸೊಪ್ಪಿನ ಸಾರು:
ಯಾರಾದ್ರೂ ಬ್ಲಾಕ್ಡ್ ಅಕೌಂಟಿಗೆ ಯಾವ ಬ್ಯಾಂಕ್ ಒಳ್ಳೇದು ಹೇಳ್ತೀರಾ?

ನಿರ್ವಾಹಕ:
ಅದಕ್ಕೆ ಬೇರೆ ಎಳೆ ಇದೆ. ಇಲ್ಲಿ ಮಾತುಕತೆಯ ವಿಷಯ ಮಾತ್ರ ಇರಲಿ.

ನೇತ್ರಾವತಿ:
ಅಂಕದ ಬಗ್ಗೆ ಪೋಷಕರಿಗೂ ಹೇಳಬೇಕು. ಅಲ್ಲಿ 1.0 ಎಲ್ಲಕ್ಕಿಂತ ಮೇಲು, 4.0 ತೇರ್ಗಡೆ, 5.0 ನಪಾಸು. ಮಗ 2.0 ಅಂದರೆ ಊರಿನಲ್ಲಿ ಅಪ್ಪನಿಗೆ ಎದೆ ಒಡೆಯುವುದು ಬೇಡ, ಅದು ಒಳ್ಳೆಯ ಅಂಕ. ನಮ್ಮ ಅಂಕ ಬದಲಿಸುವ ಸೂತ್ರ ಹೀಗೆ: ಗರಿಷ್ಠ ಅಂಕದಿಂದ ಪಡೆದ ಅಂಕ ಕಳೆಯಿರಿ, ಅದನ್ನು ಗರಿಷ್ಠಕ್ಕೂ ಕನಿಷ್ಠ ತೇರ್ಗಡೆಗೂ ಇರುವ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಗರಿಷ್ಠ 10, ತೇರ್ಗಡೆ 4, ಪಡೆದದ್ದು 8 ಆದರೆ ಬರುವುದು 2.0.

ಪರೀಕ್ಷೆಗೆ ಹೆಸರು ನೋಂದಾಯಿಸುವುದು ವಿದ್ಯಾರ್ಥಿಯದೇ ಕೆಲಸ. ಕೋರ್ಸಿಗೆ ಸೇರಿದ ಮಾತ್ರಕ್ಕೆ ಹಾಲ್ ಟಿಕೆಟ್ ಬರುವ ನಮ್ಮ ಕ್ರಮ ಅಲ್ಲಿಲ್ಲ. ನೋಂದಣಿಯ ಕೊನೇ ದಿನ, ಹಿಂತೆಗೆಯುವ ಕೊನೇ ದಿನ ಎರಡನ್ನೂ ಸೆಮಿಸ್ಟರಿನ ಮೊದಲ ವಾರವೇ ಬರೆದಿಟ್ಟುಕೊಳ್ಳಬೇಕು. ಒಂದು ದಿನ ತಡವಾದರೆ "ದಯವಿಟ್ಟು ಮೇಡಂ" ಅಂತ ಕಚೇರಿಯ ಬಾಗಿಲಲ್ಲಿ ನಿಂತರೂ ಆಗುವುದಿಲ್ಲ. ಅವರಿಗೆ ಕರುಣೆ ಇಲ್ಲ ಅಂತಲ್ಲ. ನಿಮಗೊಬ್ಬರಿಗೆ ಬಿಟ್ಟರೆ ಉಳಿದವರಿಗೆ ಅನ್ಯಾಯ ಅಂತ ಅವರ ನಂಬಿಕೆ. ಸಾಮಾನ್ಯವಾಗಿ ಒಂದು ಪರೀಕ್ಷೆಗೆ ಮೂರು ಅವಕಾಶ ಇರ್ತದೆ, ಅದಕ್ಕೆ ಈ ದಿನಾಂಕಗಳು ಅಷ್ಟು ಮುಖ್ಯ. ಫಲಿತಾಂಶದ ನಂತರ ಉತ್ತರಪತ್ರಿಕೆ ನೋಡುವ ದಿನ ಇಡುತ್ತಾರೆ. ನಮ್ಮ ಮಕ್ಕಳು ಸಂಕೋಚದಿಂದ ಹೋಗುವುದೇ ಇಲ್ಲ. ಹೋಗಬೇಕು. ಅದು ಹಕ್ಕು, ದೂರು ಅಲ್ಲ.

ಗೋಳಗುಮ್ಮಟ:
ಹೆಸರಿನ ಫಜೀತಿ ಯಾರೂ ಹೇಳಲಿಲ್ಲಲ್ರಿ. ನಮ್ಮಾವ್ರಿಗೆ ಮನೆಹೆಸರು ಒಬ್ಬೊಬ್ಬರಿಗೆ ಒಂದೊಂದು ನಮೂನಿ. ಹಳೇ ಮೈಸೂರು ಕಡಿ ಇನಿಷಿಯಲ್ಲು, ನಮ್ಮ ಕಡಿ ಅಡ್ಡಹೆಸರು. ಪಾಸ್‌ಪೋರ್ಟಿನ್ಯಾಗ ಇನಿಷಿಯಲ್ ಬಿಡಿಸಿ ಬರದಾಗ ಅಪ್ಪನ ಹೆಸರೋ ಊರ ಹೆಸರೋ ಮನೆಹೆಸರಿನ ಜಾಗಾಕ್ಕ ಹೋಗತೈತಿ. ಆಮ್ಯಾಲ ಆಫೀಸಿನ್ಯಾಗ "ಹೆರ್ ಚನ್ನಪಟ್ಟಣ" ಅಂತ ಕರೀತಾರ, ಹುಡುಗ ತನ್ನನ್ನ ಕರದ್ರು ಅಂತ ತಿಳಕೊಳ್ಳಂಗಿಲ್ಲ.

ಸಹ್ಯಾದ್ರಿ:
ಬಹಳ ಮುಖ್ಯವಾದ ಮಾತು. ಅರ್ಜಿ, ವಿಮೆ, ಬ್ಯಾಂಕು, ಮನೆಯ ಕರಾರು ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಬರೆಯಬೇಕು. ಟಪಾಲು ಪೆಟ್ಟಿಗೆಯ ಮೇಲೆ ಕೂಡ ಅದೇ ಹೆಸರು ಅಂಟಿಸಬೇಕು. ಅಲ್ಲಿ ಮನೆ ನಂಬರಿಗಿಂತ ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾರೆ, ಇಲ್ಲದಿದ್ದರೆ ವಾಪಸ್ಸು. ಕರೆಯುವ ಹೆಸರು ಬೇರೆ ಇದ್ದರೆ ಮೊದಲ ದಿನವೇ ಹೇಳಿ: "ನನ್ನ ಹೆಸರು ಮಂಜುನಾಥ, ದಾಖಲೆಯಲ್ಲಿ ಮನೆಹೆಸರಾಗಿ ಇರುವುದು ತಂದೆಯ ಹೆಸರು."

ಕೋಲಾರ ಚಿನ್ನ:
ನೀನು, ನೀವು ವಿಷಯದಲ್ಲಿ ನಮಗೆ ಅನುಕೂಲ ಇದೆ. ಅವರಿಗೂ "ಡು", "ಜೀ" ಅಂತ ಎರಡಿದೆ.

ತುಂಗಾತೀರ:
ಅನುಕೂಲ ಇದೆ, ಆದ್ರೆ ಒಂದು ಕಡೆ ದಾರಿ ತಪ್ಪುತ್ತೆ. ನಮ್ಮಲ್ಲಿ ನೀವು ಕೆಳಗಿಂದ ಮೇಲಕ್ಕೆ ಹೋಗುತ್ತೆ, ಮೇಲಿಂದ ನೀನು ಬರುತ್ತೆ. ಅಲ್ಲಿ ದೊಡ್ಡವರ ನಡುವೆ ಎರಡೂ ಕಡೆಯಿಂದ ಒಂದೇ. ಪ್ರೊಫೆಸರೂ ವಿದ್ಯಾರ್ಥಿಗೆ ಜೀ ಅಂತಾರೆ. ಅದನ್ನ ದೂರ ಇಡ್ತಿದ್ದಾರೆ ಅಂತ ನೊಂದುಕೊಳ್ಳಬೇಡಿ. ಡು ಅನ್ನೋಣ ಅಂತ ಹೇಳೋದು ಹಿರಿಯರು ಅಥವಾ ಮೇಲಿನವರು. ಹೇಳಿದ ಮೇಲೆ ಬರೀ ಹೆಸರು ಹಿಡಿದು ಕರೀಬೇಕು. ನಮ್ಮವರು "ಥಾಮಸ್ ಸರ್" ಅಂತ ಮಧ್ಯದಲ್ಲಿ ನಿಲ್ತಾರೆ, ಅದು ಅವರಿಗೆ ಮುಜುಗರ. ಬರ್ಲಿನ್ನಿನ ಸ್ಟಾರ್ಟಪ್ಪುಗಳಲ್ಲಿ ಮೊದಲ ದಿನದಿಂದಲೇ ಡು, ಸರ್ಕಾರಿ ಕಚೇರಿಯಲ್ಲಿ ಎಂದೆಂದಿಗೂ ಜೀ.

ಮಲ್ನಾಡ್ ಮಳೆ:
ಸ್ವಲ್ಪ ಆಚೀಚೆ ಹೋಗ್ತೀನಿ, ನಿರ್ವಾಹಕರು ಮನ್ನಿಸಬೇಕು. ಈ ದಾರಿ ಬರೀ ನಮ್ಮಿಂದ ಆ ಕಡೆಗೆ ಮಾತ್ರ ಅಲ್ಲ. ವುರ್ಟೆಂಬರ್ಗಿನಿಂದ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರಲ್ಲಿ ಮೊದಲ ಕನ್ನಡ ಪತ್ರಿಕೆ ತೆಗೆದರು. ಕಿಟ್ಟೆಲ್ 1853ರಲ್ಲಿ ಬಂದು ನಮ್ಮ ಜನರ ನಡುವೆ ಕೂತು, ಗಾದೆ, ಬಳಕೆ ಎಲ್ಲ ಕೇಳಿ ಬರೆದುಕೊಂಡು 1894ರಲ್ಲಿ ನಿಘಂಟು ಕೊಟ್ಟರು. ಕಲಿಯೋಕೆ ಬಂದವರು ಕೇಳಿಸಿಕೊಳ್ಳೋದನ್ನ ಮೊದಲು ಕಲಿತರು.

ಚಾಮುಂಡಿ ಬೆಟ್ಟ:
ಅವರು ಬಂದದ್ದು ಮಿಷನ್ ಕೆಲಸಕ್ಕೆ, ಅದನ್ನೂ ಹೇಳಬೇಕು. ಆದರೆ ಕಿಟ್ಟೆಲ್ ದುಡಿಮೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಈ ಎಳೆಗೆ ಹೊಂದೋ ಮಾತು ಅಂದ್ರೆ, ಬೆಂಗಳೂರಿಗೆ ಬರೋ ಜರ್ಮನ್ ಮ್ಯಾನೇಜರಿಗೂ ಇಂಥ ತರಗತಿ ಬೇಕು. "ನೋಡೋಣ", "ಸ್ವಲ್ಪ ಕಷ್ಟ ಇದೆ" ಅಂದ್ರೆ ಬಹಳ ಸಲ ಇಲ್ಲ ಅಂತಲೇ ಅರ್ಥ. ಅವರು "ಆಗುತ್ತಾ?" ಅಂತ ಕೇಳೋ ಬದಲು "ಇದನ್ನ ಮಾಡೋಕೆ ಯಾವ ಕೆಲಸ ಬಿಡಬೇಕಾಗುತ್ತೆ?" ಅಂತ ಕೇಳಿದ್ರೆ ನಿಜ ಹೊರಗೆ ಬರುತ್ತೆ. ಹತ್ತು ಜನರ ಎದುರು ತಪ್ಪು ತೋರಿಸದೆ ಒಬ್ಬರನ್ನೇ ಕರೆದು ಹೇಳಬೇಕು. ಹೊಂದಿಕೊಳ್ಳೋ ಭಾರ ಯಾವಾಗಲೂ ನಮ್ಮ ಹೆಗಲ ಮೇಲೆ ಮಾತ್ರ ಯಾಕೆ?

ಶ್ರೀಗಂಧ:
ನೂರಕ್ಕೆ ನೂರು.

ಅಂದಹಾಗೆ ಅವರು ನೇರ ಮಾತಿನವರು ಅನ್ನೋದಕ್ಕೆ ಒಂದು ದೊಡ್ಡ ಅಪವಾದ ಇದೆ: ಕೆಲಸ ಬಿಡುವಾಗ ಸಿಗೋ ಆರ್ಬೈಟ್ಸ್‌ಟ್ಸೋಯ್‌ಗ್ನಿಸ್, ಅಂದ್ರೆ ಸೇವಾ ಪ್ರಮಾಣಪತ್ರ. ಅದನ್ನ ಪಡೆಯೋದು ಕಾನೂನಿನ ಹಕ್ಕು, ಅದರ ಮಾತು ಒಳ್ಳೆಯ ರೀತಿಯಲ್ಲೇ ಇರಬೇಕು. ಹಾಗಾಗಿ ಒಂದು ಗುಟ್ಟಿನ ಭಾಷೆಯೇ ಬೆಳೆದಿದೆ. "ಸದಾ ನಮ್ಮ ಪೂರ್ಣಾತಿಪೂರ್ಣ ತೃಪ್ತಿಗೆ" ಅಂತಿದ್ರೆ ಮೊದಲ ದರ್ಜೆ. "ಸದಾ ಪೂರ್ಣ ತೃಪ್ತಿಗೆ" ಎರಡನೇದು. "ಸದಾ" ಬಿಟ್ಟುಹೋಗಿ "ಪೂರ್ಣ ತೃಪ್ತಿಗೆ" ಅಷ್ಟೇ ಇದ್ರೆ ಮೂರನೇದು. ಬರೀ "ತೃಪ್ತಿಗೆ" ಅಂತಿದ್ರೆ ನಾಲ್ಕು. "ಪ್ರಯತ್ನ ಪಟ್ಟರು" ಅಂತ ಬರೆದಿದ್ರೆ ಕೆಲಸವೇ ಆಗಲಿಲ್ಲ ಅಂತ. ನಮ್ಮವರು ಓದಿ ಖುಷಿಪಟ್ಟು ಫೈಲಿಗೆ ಸೇರಿಸ್ತಾರೆ. ತಿಳಿದವರಿಗೆ ತೋರಿಸಿ, ತಿದ್ದಿಕೊಡಿ ಅಂತ ಕೇಳಬಹುದು.

ರಜೆ ವಿಷಯವೂ ಹೇಳಿ ಮುಗಿಸ್ತೀನಿ. ಹುಷಾರಿಲ್ಲದಿದ್ರೆ ಕೆಲಸ ಶುರುವಾಗೋ ಮೊದಲೇ ತಿಳಿಸಬೇಕು, ಎಷ್ಟು ದಿನ ಆಗಬಹುದು ಅನ್ನೋದನ್ನೂ. ಯಾವ ಕಾಯಿಲೆ ಅಂತ ಬರೆಯೋ ಅಗತ್ಯವೇ ಇಲ್ಲ. ನಮ್ಮವರು ಭೇದಿ, ವಾಂತಿ ಎಲ್ಲ ವಿವರಿಸಿ ಬರೀತಾರೆ, ಬೇಡ. ಮೂರು ದಿನ ದಾಟಿದ್ರೆ ವೈದ್ಯರ ಪ್ರಮಾಣಪತ್ರ ಬೇಕು, ಅದಕ್ಕೂ ಮೊದಲೇ ಕೇಳೋ ಹಕ್ಕು ಸಂಸ್ಥೆಗಿದೆ. ಇನ್ನು ರಾತ್ರಿ ಹನ್ನೊಂದಕ್ಕೆ ಮೇಲ್ ಕಳಿಸಿ ನಿಷ್ಠೆ ತೋರಿಸೋದು ಅಲ್ಲಿ ನಡೆಯಲ್ಲ. ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ 11 ಗಂಟೆ ಬಿಡುವು ಕೊಡಬೇಕು ಅಂತ ಅಲ್ಲಿಯ ಕಾನೂನು. ರಾತ್ರಿ ಬರೆದರೂ ಬೆಳಿಗ್ಗೆಗೆ ಹೋಗೋ ಹಾಗೆ ಸಮಯ ಇಟ್ಟು ಕಳಿಸಿ.

ಹುಬ್ಬಳ್ಳಿ ಮೇಷ್ಟ್ರು:
ಎಲ್ಲರಿಗೂ ಋಣಿ. ನೇತ್ರಾವತಿ ಅವರ ಮೇಲ್ ನಮೂನೆ, ಶ್ರೀಗಂಧ ಅವರ ನಾಲ್ಕು ಸಾಲು, ತುಂಗಾತೀರ ಅವರ ಎರಡು ಪ್ರಶ್ನೆ, ಈ ಮೂರನ್ನ ತರಗತಿಯಲ್ಲಿ ಕೂತು ಬರೆಸ್ತೀನಿ. ಉಳಿದದ್ದು ಹಾಳೆಯಲ್ಲಿ ಕೊಡ್ತೀನಿ. ಚಾಮುಂಡಿ ಬೆಟ್ಟ ಅವರ ತಕರಾರನ್ನೂ ಹಾಗೇ ಓದಿಸ್ತೀನಿ, ಮಕ್ಕಳು ವಾದ ಮಾಡಲಿ.

ಸೊಪ್ಪಿನ ಸಾರು:
ಒಂದು ಸಣ್ಣ ಪ್ರಶ್ನೆ, ಈ ಸಲ ವಿಷಯದ ಮೇಲೇ. ಮನೆ ನೋಡೋಕೆ ಫೋನ್ ಮಾಡಿದ್ರೆ ಆ ಕಡೆ ಏನೋ ಒಂದೇ ಪದ ಹೇಳಿ ಸುಮ್ಮನಾಗ್ತಾರಂತೆ. ಏನದು?

ನೇತ್ರಾವತಿ:
ಅದು ಅವರ ಮನೆಹೆಸರು. ಹಲೋ ಬದಲು ಹೆಸರು ಹೇಳಿ ಫೋನ್ ಎತ್ತುವವರು ಬಹಳ. ಈಗ ನಿಮ್ಮ ಸರದಿ: "ಗುಟೆನ್ ಟಾಗ್" ಅಂದು ಮೊದಲು ನಿಮ್ಮ ಹೆಸರು, ಆಮೇಲೆ ಯಾವ ಜಾಹೀರಾತು ನೋಡಿ ಕರೆ ಮಾಡಿದ್ದು, ಆಮೇಲೆ ಪ್ರಶ್ನೆ. "ಯಾರು ಮಾತಾಡೋದು?" ಅಂತ ಕೇಳಬೇಡಿ, ಅವರು ಆಗಲೇ ಹೇಳಿಯಾಗಿದೆ. ರಾತ್ರಿ ಎಂಟರ ನಂತರ ಮತ್ತು ಭಾನುವಾರ ಮಾಡದಿದ್ದರೆ ಒಳ್ಳೆಯದು.